ಹೊಸ್ತಿಲು ನೋಡಿ ಕಟ್ಟಿದ ಸ್ನೋಬೋರ್ಡುಗಳು

ನಾನು ಹತ್ತೊಂಬತ್ತನೇ ವಯಸ್ಸಿಗೆ ನಿವೃತ್ತಳಾದೆ. ಶಾಲು, ಹಾರ, ಗಂಧದ ಪೆಟ್ಟಿಗೆ ಒಂದೂ ಇರಲಿಲ್ಲ. ಕೊನೆಯ ದಿನ ಮಾಲೀಕರಾದ ಮುನಿರಾಜಣ್ಣ ಒಂದು ಬಾಳೆಹಣ್ಣು ಕೊಟ್ಟು, "ಸಿಪ್ಪೆ ಅಂಗ್ಡಿ ಮುಂದೆ ಆಕ್ಬೇಡ" ಎಂದರು. ಅಲ್ಲಿಗೆ ನನ್ನ ಸೇವಾವಧಿ ಮುಕ್ತಾಯ. ಕಾಲೇಜಿನವರು ಹಾಜರಾತಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹಟ ಹಿಡಿಯದಿದ್ದರೆ ನಾನು ಇಷ್ಟು ಹೊತ್ತಿಗೆ ಈ ದೇಶದ ಅತಿ ದೊಡ್ಡ ಸ್ನೋಬೋರ್ಡ್ ತಜ್ಞೆಯಾಗಿರುತ್ತಿದ್ದೆ. ದಕ್ಷಿಣ ಭಾರತದಲ್ಲಂತೂ ಈಗಾಗಲೇ ಆಗಿದ್ದೆ. ಬೇರೆ ಯಾರೂ ಸ್ಪರ್ಧೆಗೆ ಇರಲಿಲ್ಲ.

ಯಲಹಂಕದಲ್ಲಿ ಹಿಮ ಬೀಳುವುದಿಲ್ಲ ಎಂದು ನೀವು ಜ್ಞಾಪಿಸಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಆಂಟಿಯರು ಎಲ್ಲಿ ಕೆಲಸ ಎಂದು ಕೇಳಿ, ನಾನು ಸ್ನೋಬೋರ್ಡ್ ಎಂದರೆ, "ನೀರಿನ್ ಬೋರ್ಡ್ ಥರಾನಾ? ಪರ್ಮನೆಂಟಾ?" ಎಂದು ಕೇಳುತ್ತಿದ್ದರು. ನಾನು ಪರ್ಮನೆಂಟ್ ಎನ್ನುತ್ತಿದ್ದೆ. ಒಬ್ಬರಂತೂ ಇಳಿಯುವಷ್ಟರಲ್ಲಿ ತಮ್ಮ ಅಕ್ಕನ ಮಗನ ಜಾತಕದವರೆಗೆ ಬಂದಿದ್ದರು.

ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗ ಹುಡುಗಿಯರು ಈ ಕೆಲಸ ಹೇಗೆ ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆ ಏನು ಮರೆತರೂ ಶಬಾನಾಳನ್ನು ಮರೆಯಬೇಡಿ. ಆರ್.ಟಿ. ನಗರದ ಆ ಹುಡುಗಿಗೆ ಇದ್ದದ್ದು ಒಂದೇ ಚಳಿಗಾಲ. ಅದನ್ನು ನಾವೆಲ್ಲ ಸೇರಿ, ಬಹಳ ಶ್ರದ್ಧೆಯಿಂದ, ಹೆಚ್ಚುಕಮ್ಮಿ ಹಾಳು ಮಾಡಿಯೇಬಿಟ್ಟಿದ್ದೆವು.

ಮೊದಲು ಅಂಗಡಿಯ ವಿಚಾರ. ಮುನಿರಾಜಣ್ಣ ಬಾಗಲೂರಿನವರು. ಯಲಹಂಕದಲ್ಲಿ ಅವರದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಅಲ್ಲಿನ ಜನ ಟೆಂಟು ಕೇಳಿಕೊಂಡು ಬಂದರು. ಟೆಂಟು ಇಟ್ಟರು. ಆಮೇಲೆ ಹಿಮ ನೋಡಲು ಕಾಶ್ಮೀರದ ಗುಲ್ಮಾರ್ಗಿಗೆ ಹೋಗುವವರು ಜಾಕೆಟ್ಟು ಕೇಳಿದರು, ಅದನ್ನೂ ಇಟ್ಟರು. ಒಂದು ದಿನ ಅವರ ಭಾಮೈದ, ಯಾರೂ ಬಿಡಿಸಿಕೊಳ್ಳದ ಸರಕಿನ ಹರಾಜಿನಿಂದ, ಲಾಂಡ್ರಿಯವರಿಗೆ ಮಾರೋಣವೆಂದು, ಒಂದು ಕಟ್ಟು ಇಸ್ತ್ರಿ ಮೇಜು ಹಿಡಿದುಕೊಂಡು ಬಂದ. ಉದ್ದ, ಸಪೂರ, ಒಂದು ತುದಿ ದುಂಡಗೆ. ಕಾಲು ಮಾತ್ರ ಇಲ್ಲ. ಕಾಲು ಬೇರೆ ಡಬ್ಬದಲ್ಲಿ ಇರಬೇಕೆಂದು ಇಬ್ಬರೂ ಒಂದು ವಾರ ಹುಡುಕಿದ್ದಾರೆ. ಡಬ್ಬದಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ಕಿನ ದೈತ್ಯ ಬೂಟುಗಳು. ಅಂಗಡಿಯ ಬೋರ್ಡಿನಲ್ಲಿ "ಶಾಮಿಯಾನ, ಪಾತ್ರೆ, ಕುರ್ಚಿ" ಎಂಬುದರ ಕೆಳಗೆ "ಸ್ನೋಬೋರ್ಡ್" ಸೇರಿದ್ದು ಹೀಗೆ.

ಅವುಗಳಲ್ಲಿ ಒಂದೆರಡು ಬಿಟ್ಟರೆ ಉಳಿದವು ಸಾಮಾನ್ಯ ಸ್ನೋಬೋರ್ಡಲ್ಲ, ಕಾರ್ವಿಂಗ್ ಬೋರ್ಡುಗಳು. ಸಾಮಾನ್ಯ ಬೋರ್ಡು ಅಗಲ, ಮೆದು. ಅದರ ಮೇಲೆ ಅಡ್ಡ ನಿಂತು, ಹಿಮ ಕೆರೆದುಕೊಂಡು, ಬಿದ್ದೆದ್ದು ಇಳಿದು, ಫೋಟೊ ತೆಗೆಸಿಕೊಂಡು ವಾಪಸ್ ಬರಬಹುದು. ಕಾರ್ವಿಂಗ್ ಬೋರ್ಡು ಸಪೂರ, ಗಟ್ಟಿ. ಎರಡೂ ಪಾದ ಮುಂದಕ್ಕೆ ತಿರುಗಿರಬೇಕು. ಬೋರ್ಡನ್ನು ಅಂಚಿನ ಮೇಲೆ ಮಲಗಿಸಿದರೆ ಅದು ಹಿಮವನ್ನು ಚಾಕುವಿನ ಹಾಗೆ ಸೀಳಿಕೊಂಡು ತಿರುಗುತ್ತದೆ. ಚೆನ್ನಾಗಿ ಬರುವವರು ನೆಲಕ್ಕೆ ಕಿವಿ ತಾಗುವಷ್ಟು ವಾಲುತ್ತಾರೆ. ಬರದವರಿಗೂ ಕಿವಿ ತಾಗುತ್ತದೆ, ಆದರೆ ಉಳಿದ ದೇಹವೂ ಜೊತೆಗೆ ಬರುತ್ತದೆ.

ಆಯ್ಕೆಯ ವಿಷಯದಲ್ಲಿ ಗಿರಾಕಿಯ ಮಾತು ಕೇಳಬೇಡಿ. ಎಲ್ಲರೂ ಬಂದ ತಕ್ಷಣ ಬೋರ್ಡನ್ನು ನೆಟ್ಟಗೆ ನಿಲ್ಲಿಸಿ ಗಲ್ಲದವರೆಗೆ ಬರುತ್ತದೆಯೇ ಎಂದು ನೋಡುತ್ತಾರೆ, ಬಾಡಿಗೆಗೆ ಏಣಿ ತೆಗೆದುಕೊಂಡು ಹೋಗುವವರಂತೆ. ನೀವು ನೋಡಬೇಕಾದದ್ದು ಮೂರು: ತೂಕ, ಪಾದ, ತಿರುವು. ತೂಕದವರಿಗೆ ಮೆದು ಬೋರ್ಡು ಕೊಟ್ಟರೆ ಅದು ನಡುವೆ ತೊಟ್ಟಿಲಾಗುತ್ತದೆ. ಸಣ್ಣ ತಿರುವು ಬೇಕಾದವರಿಗೆ ಸೊಂಟ ಚೆನ್ನಾಗಿ ಒಳಗೆ ಬಾಗಿದ ಬೋರ್ಡು, ಉದ್ದುದ್ದ ತಿರುವು ಬೇಕಾದವರಿಗೆ ನೇರ ಅಂಚಿನದು. ಪಾದ ಎಲ್ಲಕ್ಕಿಂತ ಮುಖ್ಯ. ಬೂಟಿನ ತುದಿ ಬೋರ್ಡಿನಿಂದ ಹೊರಗೆ ಇಣುಕಿದರೆ ವಾಲಿದಾಗ ಅದೇ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ, ಆಸಾಮಿ ಹೆಬ್ಬಾಳದಲ್ಲಿ ಹತ್ತಿ ಯಶವಂತಪುರದಲ್ಲಿ ಇಳಿಯುತ್ತಾನೆ. ಅದಕ್ಕೇ ದೊಡ್ಡ ಪಾದದವರಿಗೆ ಬೈಂಡಿಂಗನ್ನು, ಅಂದರೆ ಬೂಟು ಕಚ್ಚುವ ಕಬ್ಬಿಣದ ಪಟ್ಟಿಯನ್ನು, ಇನ್ನಷ್ಟು ಮುಂದಕ್ಕೆ ತಿರುಗಿಸಬೇಕು, ಇಲ್ಲವೇ ಅಗಲದ ಬೋರ್ಡು ಕೊಡಬೇಕು. ಒಬ್ಬ ಟೆಕ್ಕಿಯ ಪಾದ ಎಷ್ಟು ದೊಡ್ಡದಿತ್ತೆಂದರೆ ಮುನಿರಾಜಣ್ಣ, "ಸಾರ್, ನೀವು ಬೋರ್ಡ್ ಯಾಕ್ ತಗಂತೀರಾ, ಅಂಗೇ ಜಾರಿ" ಎಂದರು.

ಮೇಣ ಹಚ್ಚುವುದು ನನ್ನ ಕೆಲಸವಾಗಿತ್ತು. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಮೇಣವನ್ನು ತಳದ ಮೇಲೆ ಕರಗಿಸಿ, ಆರಿದ ಮೇಲೆ ಕೆರೆದು ತೆಗೆಯಬೇಕು. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಮೇಣಕ್ಕೆ ಒಂದು ಪೆಟ್ಟಿಗೆ, ಬಟ್ಟೆಗೆ ಒಂದು ಪೆಟ್ಟಿಗೆ ಇರಲಿ. ನಮ್ಮಲ್ಲಿ ಒಂದೇ ಇತ್ತು. ಮುನಿರಾಜಣ್ಣ ತಮ್ಮ ಬಿಳಿ ಷರ್ಟನ್ನು ಅದರಲ್ಲೇ ಉಜ್ಜಿಕೊಂಡು ನಾಮಕರಣಕ್ಕೆ ಹೋದರು. ಅಲ್ಲಿ ಪನ್ನೀರು ಎರಚಿದರೆ ಎಲ್ಲರ ಬಟ್ಟೆಯೂ ಒದ್ದೆಯಾಯಿತಂತೆ, ಇವರ ಬೆನ್ನ ಮೇಲಿಂದ ಮಾತ್ರ ಹನಿಹನಿಯಾಗಿ ಉರುಳಿಹೋಯಿತಂತೆ. ಬಂದವರು ಅದು ಯಾವ ಬಟ್ಟೆ, ಮೀಟರಿಗೆ ಎಷ್ಟು ಎಂದು ವಿಚಾರಿಸಿದರಂತೆ.

ಇನ್ನು ಯಾವ ಕಾಲು ಮುಂದೆ ಎಂಬ ಪ್ರಶ್ನೆ. ಕೆಲವರಿಗೆ ಎಡಗಾಲು ಮುಂದಿದ್ದರೆ ಸಲೀಸು, ಕೆಲವರಿಗೆ ಬಲಗಾಲು. ಅದಕ್ಕೆ ತಕ್ಕಂತೆ ಬೈಂಡಿಂಗ್ ತಿರುಗಿಸಿ ಕೂರಿಸಬೇಕು. ಕಂಡುಹಿಡಿಯುವುದು ಹೇಗೆ? ಗೊತ್ತಾಗದ ಹಾಗೆ ಹಿಂದಿನಿಂದ ಮೆಲ್ಲಗೆ ತಳ್ಳಿ, ಯಾವ ಕಾಲು ಮುಂದೆ ಬರುತ್ತದೋ ಅದೇ ಮುಂದಿನ ಕಾಲು ಎಂದು ಇಂಟರ್‌ನೆಟ್ಟಿನಲ್ಲಿತ್ತು. ನಾನು ಸೇರಿದ ಮೊದಲ ವಾರ ಒಬ್ಬ ಅಂಕಲ್ಲನ್ನು ಮೆಲ್ಲಗೆ ತಳ್ಳಿದೆ. ಅವರು ಬಿಸಿಬೇಳೆಬಾತಿನ ಖಾಲಿ ಹಂಡೆಯೊಳಗೆ ಕೈ, ತಲೆ ಸಮೇತ ಹೋದರು. ಅವರು ಬಂದಿದ್ದು ಕುರ್ಚಿ ಬಾಡಿಗೆಗೆ.

ಅಂದಿನಿಂದ ತಳ್ಳುವುದು ಬಂದ್. ಆಗ ಮುನಿರಾಜಣ್ಣ ತಮ್ಮದೇ ವಿಧಾನ ಕಂಡುಹಿಡಿದರು. "ಏಯ್ ಸೌಮ್ಯ, ಇಂಗ್ ಮಾಡು. ಗಿರಾಕಿ ಒಳೀಕ್ ಬರೋವಾಗ ಒಸ್ಲು ಮೇಲೆ ಯಾವ್ ಕಾಲಿಕ್ತಾನೆ ನೋಡ್ಕೊ. ಅವನ್ಗೂ ಗೊತ್ತಾಗಕಿಲ್ಲ, ಅಂಡೆನೂ ಸೊಟ್ಟಗಾಗಕಿಲ್ಲ."

ನನಗೂ ಇದು ಭಲೇ ಉಪಾಯ ಎನಿಸಿತು. ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕುವಂತೆ ನಟಿಸುತ್ತ ಹೊಸ್ತಿಲು ನೋಡುತ್ತಿದ್ದೆ. ಬಂದವರೆಲ್ಲ ಬಲಗಾಲು. ಗಂಡಸರು, ಹೆಂಗಸರು, ಅಪಾರ್ಟ್‌ಮೆಂಟಿನವರು, ದಾಸರಹಳ್ಳಿಯಿಂದ ಗುಂಪು ಕಟ್ಟಿಕೊಂಡು ಬಂದ ಕಾರ್ಖಾನೆಯ ಹುಡುಗರು, ಎಲ್ಲರೂ. ನಾನು ಎಲ್ಲ ಬೋರ್ಡನ್ನೂ ಬಲಗಾಲು ಮುಂದಾಗಿ ಕಟ್ಟಿ ಕಳಿಸಿದೆ. "ನಮ್ ಜನುಕ್ಕೆ ಬಲಗಾಲ್ ಗಟ್ಟಿ ಕಣಮ್ಮಿ" ಎಂದು ಮುನಿರಾಜಣ್ಣ ಸಿದ್ಧಾಂತ ಬೇರೆ ಮಾಡಿದರು. ಹೋದವರೆಲ್ಲ ಬಿದ್ದರು. ಮೊದಲ ಸಲ ಹಿಮಕ್ಕೆ ಹೋದವರು ಬೀಳುತ್ತಾರೆ ಎಂದು ಅವರಿಗೂ ಗೊತ್ತಿತ್ತು, ಆದ್ದರಿಂದ ನಗುನಗುತ್ತ ವಾಪಸ್ ಬಂದು ಬಾಡಿಗೆ ಕೊಟ್ಟರು. ವಿಧಾನ ಪಾಸಾಗಿತ್ತು.

ಶಬಾನಾ ಬಂದದ್ದು ನನ್ನ ಎರಡನೇ ಚಳಿಗಾಲದಲ್ಲಿ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಹಿಂದಿನ ವರ್ಷ ನಮ್ಮಲ್ಲೇ, ಹೊಸ್ತಿಲು ನೋಡಿ ಕಟ್ಟಿದ ಸಾಮಾನ್ಯ ಬೋರ್ಡು ತೆಗೆದುಕೊಂಡು ಹೋಗಿ ಕಲಿತವಳು, ಈ ಸಲ ಕಾರ್ವಿಂಗ್ ಬೋರ್ಡು ಬೇಕೆಂದು ಬಂದಳು. ಚಳಿಗಾಲದ ಕೊನೆಯಲ್ಲಿ ಗುಲ್ಮಾರ್ಗಿನಲ್ಲಿ ಆಯ್ಕೆ ಓಟ. ಕಂಬಗಳ ಸುತ್ತ ತಿರುಗಿ ಕೆಳಗಿಳಿಯಬೇಕು. ಆಯ್ಕೆಯಾದವರಿಗೆ ಮುಂದಿನ ತರಬೇತಿ. ಜೊತೆಗೆ ಅವಳ ಅಪ್ಪ ಅಫ್ಸರ್ ಸಾಬ್ ಬಂದಿದ್ದರು. ಆರ್.ಟಿ. ನಗರದಲ್ಲಿ ಸೋಫಾ ಕುಷನ್ ಅಂಗಡಿ ಇಟ್ಟವರು. ಅವರು ನಮ್ಮ ಕುರ್ಚಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮುಖ ಸಿಂಡರಿಸಿ, ಆಮೇಲೆ ಬೋರ್ಡಿನ ಕಡೆ ತಿರುಗಿದರು.

"ಮುನಿರಾಜ್ ಭಾಯ್, ಇದು ಒಂದೇ ವರ್ಷ ನೋಡಿ. ಇವಳು ಸೆಲೆಕ್ಟ್ ಆದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಮಾರ್ಚಿಂದ ಅಂಗಡೀಲಿ ಕೂತ್ಕೋತಾಳೆ. ಮಾತಾಗಿದೆ."

"ಹೌದು ಅಬ್ಬಾ, ಎಷ್ಟು ಸಲ ಹೇಳ್ತೀರಾ" ಎಂದಳು ಶಬಾನಾ. ನನ್ನ ಕಡೆ ತಿರುಗಿ, "ಸ್ಪಂಜ್ ಕಟ್ ಮಾಡ್ಕೊಂಡು ಕೂತ್ಕೋಬೇಕು ಕಣೇ. ದಿನಾ. ಒಳ್ಳೇ ಬೋರ್ಡ್ ಕೊಡು, ನಿಂಗ್ ಕೈ ಮುಗೀತೀನಿ" ಎಂದಳು.

ಕೊಟ್ಟೆ. ಅವಳ ತೂಕಕ್ಕೆ, ಸಣ್ಣ ಪಾದಕ್ಕೆ, ಸಣ್ಣ ತಿರುವಿಗೆ ಸರಿಯಾದದ್ದನ್ನೇ ಆರಿಸಿದೆ. ಇವತ್ತಿಗೂ ಆ ಆಯ್ಕೆಯಲ್ಲಿ ತಪ್ಪು ತೋರಿಸಿದವರಿಗೆ ನನ್ನ ಬಾಳೆಹಣ್ಣು ಬಹುಮಾನ. ಮುಂದಿನ ಕಾಲಿನ ಬೆರಳ ಕಡೆ ಸ್ವಲ್ಪ ಎತ್ತರ, ಹಿಂದಿನ ಕಾಲಿನ ಹಿಮ್ಮಡಿಯ ಕಡೆ ಸ್ವಲ್ಪ ಎತ್ತರ ಕೊಟ್ಟೆ. ಹಾಗೆ ಕೊಟ್ಟರೆ ಮಂಡಿ ತಾನಾಗಿ ಬಾಗುತ್ತದೆ. ಅಂಚನ್ನು ಅರದಿಂದ ಉಜ್ಜಿ, ಉಗುರನ್ನು ಅದರ ಮೇಲೆ ಎಳೆದರೆ ಪುಡಿ ಉದುರುವಷ್ಟು ಹರಿತ ಮಾಡಿದೆ. ಅವಳು ಒಳಗೆ ಬಂದಾಗ ಹೊಸ್ತಿಲು ನೋಡಿಯಾಗಿತ್ತು. ಬಲಗಾಲು. ಹಾಗೆಯೇ ಕಟ್ಟಿದೆ.

ಜನವರಿಯ ಶಿಬಿರ ಮುಗಿಸಿ ಬಂದವಳ ಮೊಣಕೈ ಬದನೆಕಾಯಿ ಬಣ್ಣವಾಗಿತ್ತು.

"ಒಂದ್ ಕಡೆ ಹೆಂಗೋ ತಿರುಗುತ್ತೆ ಸೌಮ್ಯ. ಇನ್ನೊಂದ್ ಕಡೆ ಹಿಂಗಾಲು ಕಿತ್ಕೊಂಡು ಹೋಗುತ್ತೆ. ಹಳೇ ಬೋರ್ಡಲ್ಲೂ ಹಿಂಗೇ ಇತ್ತು, ಆದ್ರೆ ಅದ್ರಲ್ಲಿ ಹೆಂಗೋ ಸಂಭಾಳಿಸ್ತಿದ್ದೆ. ಅಲ್ಲಿನ್ ಕೋಚು ಅಭ್ಯಾಸ ಸಾಲ್ದು ಅಂತಾರೆ. ಎಷ್ಟ್ ಮಾಡ್ಲಿ ಗುರು?"

ಮುನಿರಾಜಣ್ಣ ವೈದ್ಯರ ಹಾಗೆ ಬೋರ್ಡನ್ನು ತಿರುಗಿಸಿ ನೋಡಿದರು. ಅಂಚು ಮೊಂಡು ಎಂದರು, ಮತ್ತೆ ಉಜ್ಜಿದೆ. ಕಾಲುಗಳ ನಡುವಿನ ಅಂತರ ಜಾಸ್ತಿ ಎಂದರು, ಕಡಿಮೆ ಮಾಡಿದೆ. ಮಾರನೇ ದಿನ ಅಂತರ ಕಡಿಮೆಯಾಯಿತು ಎಂದರು, ಜಾಸ್ತಿ ಮಾಡಿದೆ. ಕೊನೆಗೆ ಬೈಂಡಿಂಗ್ ಸಡಿಲವಿದೆ ಎಂದು ತೀರ್ಮಾನಿಸಿ, ಶಾಮಿಯಾನದ ಬೋಲ್ಟು ತಂದು, ಪೆಂಡಾಲು ಬಿಗಿಯುವ ಸ್ಪ್ಯಾನರಿನಲ್ಲಿ ತಾವೇ ಬಿಗಿದರು. ಬೋಲ್ಟು ಉದ್ದವಾಗಿ, ತಳದಲ್ಲಿ ಗುಳ್ಳೆ ಎದ್ದಿತು. ಅದನ್ನು ನಾನು ಮೂರು ದಿನ ಕೂತು ಸಮ ಮಾಡಿದೆ. ಎಳೆಯರೇ, ಬೋರ್ಡಿನ ಸ್ಕ್ರೂ ಬೋರ್ಡಿಗೆ, ಮದುವೆಮನೆ ಬೋಲ್ಟು ಮದುವೆಮನೆಗೆ. ಹಿರಿಯರ ಕೈಗೆ ಸ್ಪ್ಯಾನರು ಸಿಗದ ಹಾಗೆ ಇಡಿ.

ಆಯ್ಕೆ ಓಟಕ್ಕೆ ಹೊರಡಲು ಮೂರೇ ದಿನ ಇತ್ತು. ನಾನು ಮೇಣ ಚೆಲ್ಲಿ, ಅದನ್ನು ತೆಗೆಯಲು ಅಂಗಡಿಯ ಗ್ರಾನೈಟ್ ನೆಲಕ್ಕೆಲ್ಲ ಸೋಪಿನ ನೀರು ಹಾಕಿದ್ದೆ. ಶಬಾನಾ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಕಣ್ಣು ಕೆಂಪಗಿತ್ತು.

"ಇಟ್ಕೊಳ್ಳಿ ಇದನ್ನ. ನಾನ್ ಹೋಗಲ್ಲ. ಅಲ್ಲಿ ಎಲ್ರ ಮುಂದೆ ಬೀಳೋದಕ್ಕಿಂತ ಸ್ಪಂಜ್ ಕಟ್ ಮಾಡೋದೇ ವಾಸಿ" ಎನ್ನುತ್ತ ಬೋರ್ಡನ್ನು ಬಾಗಿಲಿಗೆ ಒರಗಿಸಿ, ಸರಸರ ಒಳಗೆ ನುಗ್ಗಿದಳು.

ಅಕ್ಕಾ ಸೋಪು ಎಂದು ನಾನು ಕೂಗುವಷ್ಟರಲ್ಲಿ ಹೊರಟುಹೋಗಿದ್ದಳು. ಕುರ್ಚಿಗಳ ಪಕ್ಕ, ತಟ್ಟೆಗಳ ಪಕ್ಕ, ಪೆಂಡಾಲಿನ ಬಟ್ಟೆಗಳ ಪಕ್ಕ, ಇಡೀ ಅಂಗಡಿಯ ಉದ್ದಕ್ಕೂ ಜಾರಿದಳು. ಆದರೆ ಬೀಳಲಿಲ್ಲ. ಮಂಡಿ ಬಗ್ಗಿಸಿ, ಕೈ ಚಾಚಿ, ದೋಣಿಯ ಹಾಗೆ ತೇಲಿ ಹೋಗಿ, ಕೊನೆಯ ಹಂಡೆಯನ್ನು ಅಪ್ಪಿಕೊಂಡು ನಿಂತಳು. ಅವಳ ಎಡಗಾಲು ಮುಂದಿತ್ತು.

"ಅಕ್ಕಾ, ಇನ್ನೊಂದ್ಸಲ ಜಾರಿ."

"ನಿಂಗೇನ್ ತಲೆ ಕೆಟ್ಟಿದ್ಯಾ?"

"ಪ್ಲೀಸ್ ಅಕ್ಕಾ. ಒಂದೇ ಒಂದ್ಸಲ."

ಜಾರಿದಳು. ಎಡಗಾಲು ಮುಂದೆ. ಬಲಗಾಲು ಮುಂದಿಟ್ಟು ಜಾರಲು ಹೇಳಿದೆ. ನಾಲ್ಕು ಮಾರು ಹೋಗಿ ಕುರ್ಚಿಗಳ ಗೋಪುರದ ಮೇಲೆ ಬಿದ್ದಳು.

"ಮತ್ತೆ ನೀವು ಒಳಗೆ ಬರೋವಾಗ ಬಲಗಾಲ್ ಯಾಕ್ ಇಟ್ರಿ?" ಎಂದು ನಾನು ಕೇಳಿದೆ, ಮೋಸ ಹೋದವಳ ಹಾಗೆ.

ಅವಳು ಕುರ್ಚಿಗಳ ನಡುವಿನಿಂದ ನನ್ನನ್ನೇ ನೋಡಿದಳು. "ಅಮ್ಮಿ ಕಲಿಸಿದ್ದಾರೆ. ಒಳಗೆ ಬಲಗಾಲು, ಬಾತ್‌ರೂಮಿಗೆ ಎಡಗಾಲು. ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ಬಲಗಾಲಿಟ್ಟು ಬಾ ಎಂದು ನಮ್ಮಮ್ಮ ಹೇಳುತ್ತಾಳೆ, ಮುನಿರಾಜಣ್ಣನ ತಾಯಿ ಹೇಳುತ್ತಾರೆ, ಈ ಊರಿನಲ್ಲಿ ಮನೆ ಎಂದು ಇರುವ ಕಡೆಯಲ್ಲೆಲ್ಲ ಯಾರಾದರೂ ಒಬ್ಬರು ಬಾಗಿಲಲ್ಲಿ ನಿಂತು ಹೇಳುತ್ತಾರೆ. ನಾವು ಅಳೆದದ್ದು ಜನರ ಕಾಲನ್ನಲ್ಲ, ಅವರ ಅಮ್ಮಂದಿರನ್ನು.

ನಾನು ಓಡಿಹೋಗಿ ಮುನಿರಾಜಣ್ಣನಿಗೆ ಹೇಳಿದೆ. ಅವರು ಹೊರಗೆ ನಿಂತು ಟೀ ಕುಡಿಯುತ್ತಿದ್ದರು.

"ನಡೀ ನಡೀ. ಇಷ್ಟ್ ಜನುಕ್ ಕಟ್ಕೊಟ್ಟಿವ್ನಿ, ಒಬ್ರಾದ್ರೂ ಕಂಪ್ಲೇಂಟ್ ಏಳವ್ರಾ?"

"ಅಣ್ಣಾ, ಅವ್ರೆಲ್ಲಾ ಬಿದ್ರು."

"ಐಸ್ ಮೇಲೆ ಬೀಳ್ದೆ ಇನ್ನೇನ್ ಎದ್ ನಿಂತ್ಕಂತಾರಾ?"

"ಸರಿ, ನೀವೇ ಒಂದ್ಸಲ ಜಾರಿ ನೋಡಿ."

ಟೀ ಲೋಟ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ನಮ್ಮಿಬ್ಬರಿಗೂ ಪಾಠ ಕಲಿಸುವ ಗತ್ತಿನಿಂದ ಅವರು ಬಲಗಾಲು ಹೊಸ್ತಿಲೊಳಗಿಟ್ಟರು. ಸೋಪು ಸಿಕ್ಕಿದ ಕೂಡಲೇ ಎಡಗಾಲು ತಾನಾಗಿ ಮುಂದೆ ಬಂತು. ಕೈ ಅಗಲಿಸಿ, ಮೀಸೆ ಗಾಳಿಗೆ ಹಾರುತ್ತ, ಆ ದೊಡ್ಡ ಹೊಟ್ಟೆಯ ಮನುಷ್ಯ ರಾಜಹಂಸದ ಹಾಗೆ ಹೋದರು. ಹೋಗಿ ಗೋಡೆಗೆ ಕೈ ಕೊಟ್ಟು ನಿಂತು, ತಮ್ಮ ಪಾದವನ್ನೇ ಬಹಳ ಹೊತ್ತು ನೋಡಿದರು. ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದು ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಅಷ್ಟು ಹೊತ್ತಿಗೆ ನನಗೇ ಹೆದರಿಕೆಯಾಗಿತ್ತು. ಎರಡು ಚಳಿಗಾಲ ತಪ್ಪು ಕಾಲಿನಲ್ಲಿ ಕಲಿತದ್ದನ್ನು ಈಗ ಮೂರು ದಿನ ಇರುವಾಗ ತಿರುಗಿಸುವುದೇ? ಅಲ್ಲಿ ಹೋದ ಮೇಲೆ ಅಭ್ಯಾಸಕ್ಕೆ ಸಿಗುವುದೂ ನಾಲ್ಕೇ ದಿನ. ಗೊತ್ತಿರುವ ತಪ್ಪು ಗೊತ್ತಿಲ್ಲದ ಸರಿಗಿಂತ ಮೇಲಲ್ಲವೇ? ಇದನ್ನು ನಾನು ಅವಳಿಗೆ ನೇರವಾಗಿ ಕೇಳಿದೆ.

ಶಬಾನಾ ಒದ್ದೆ ಚೂಡಿದಾರ ಹಿಂಡುತ್ತ ಯೋಚಿಸಿದಳು. "ಬಲಗಾಲಲ್ಲಿ ಹೋದ್ರೆ ಗ್ಯಾರಂಟಿ ಸೋಲ್ತೀನಿ. ಎಡಗಾಲಲ್ಲಿ ಹೋದ್ರೆ ಬಹುಶಃ ಸೋಲ್ತೀನಿ. ಬಹುಶಃನೇ ಕಟ್ಟಿ, ಮುನಿರಾಜಣ್ಣ."

ಎರಡೂ ಬೈಂಡಿಂಗನ್ನು ಬಿಚ್ಚಿ ಇನ್ನೊಂದು ಕಡೆಗೆ ತಿರುಗಿಸಿ ಕೂರಿಸಿದೆವು. ಹಿಂದಿನ ಕಾಲಿನ ಬೂಟು ಮುಂದಕ್ಕೆ ಹೆಚ್ಚು ಬಾಗಿರಬೇಕು, ಆದ್ದರಿಂದ ಬೂಟಿನ ಬಾಗುಗಳನ್ನೂ ಅದಲುಬದಲು ಮಾಡಿದೆವು. ಆಮೇಲೆ ಅಭ್ಯಾಸ. ಮದುವೆಮನೆಯಲ್ಲಿ ಹಾಸುವ ಗಾದಿಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಬೋರ್ಡು ಇಟ್ಟು, ಶಬಾನಾಳನ್ನು ಕಟ್ಟಿ ನಿಲ್ಲಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವಾಲಿಸಿದೆವು. ಒಂದು ಕಡೆ ಪೆಂಡಾಲಿನ ಹಗ್ಗ ಹಿಡಿದು ನಾನು, ಇನ್ನೊಂದು ಕಡೆ ಮುನಿರಾಜಣ್ಣ. ಮೂರು ದಿನ, ಬೆಳಗ್ಗೆಯಿಂದ ಸಂಜೆವರೆಗೆ. ಗೃಹಪ್ರವೇಶಕ್ಕೆ ಪಾತ್ರೆ ಕೇಳಲು ಬಂದ ದಂಪತಿ ಇದನ್ನು ಕಂಡು, ನಮಸ್ಕಾರ ಹಾಕಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೊರಟುಹೋದರು. ಹುಡುಗಿಗೆ ಏನೋ ಮೆಟ್ಟಿಕೊಂಡಿದೆ, ಬಿಡಿಸುತ್ತಿದ್ದಾರೆ ಎಂದು ಬೀದಿಯಲ್ಲಿ ಸುದ್ದಿಯಾಯಿತು.

ಓಟದ ದಿನ ಅಫ್ಸರ್ ಸಾಬ್ ನಮ್ಮ ಅಂಗಡಿಗೆ ಬಂದರು. ಯಾವುದೋ ಮದುವೆಗೆ ಕುರ್ಚಿ ಬೇಕು ಎಂದರು. ಯಾರ ಮದುವೆ ಎಂದರೆ ಗೊತ್ತಿಲ್ಲ ಎಂದರು. ಎಷ್ಟು ಕುರ್ಚಿ ಎಂದರೆ, "ನೋಡೋಣ" ಎಂದರು. ಮುನಿರಾಜಣ್ಣ ಒಂದು ಕುರ್ಚಿ ಎಳೆದು ಕೊಟ್ಟರು. ಸಾಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ನಾನು ಒಂದೇ ಅಂಚನ್ನು ಎಷ್ಟು ಹೊತ್ತು ಉಜ್ಜಿದೆನೆಂದರೆ ಆ ಬೋರ್ಡು ಸೀಳಿ ಎರಡಾಗಬೇಕಿತ್ತು.

ಫೋನು ಬಂತು. ಅವರು ಸ್ಪೀಕರಿಗೆ ಹಾಕಿದರು.

"ಗಿರೀ ಕ್ಯಾ ಬೇಟೀ?" ಬಿದ್ದೆಯಾ ಎಂದು ಕೇಳಿದರು. ಹಲೋ ಕೂಡ ಹೇಳಿರಲಿಲ್ಲ.

"ಗಿರೀ ಅಬ್ಬಾ. ಪೈಲೇ ರೌಂಡ್ ಮೇಂ."

ಅವರ ಭುಜ ಇಳಿಯಿತು. ಮೊದಲ ಸುತ್ತಿನಲ್ಲೇ ಬಿದ್ದಿದ್ದಳು. ಮುನಿರಾಜಣ್ಣ ಗೋಡೆ ನೋಡಿದರು. ನಾನು ಅರ ಕೆಳಗಿಟ್ಟೆ.

"ಅಬ್ಬಾ, ಸುನೋ ತೋ. ದೂಸ್ರೇ ರೌಂಡ್ ಮೇಂ ನೈ ಗಿರೀ!" ಗಾಳಿಯ ಸದ್ದಿನ ನಡುವೆ ಅವಳ ಏದುಸಿರು ಕೇಳುತ್ತಿತ್ತು. ಆಮೇಲೆ ನಮಗೂ ಕೇಳಲೆಂದು ಕನ್ನಡಕ್ಕೆ ತಿರುಗಿದಳು. "ಎರಡ್ನೇ ಸಲ ಬೀಳ್ಲಿಲ್ಲ, ಎಲ್ಲಾ ಕಂಬ ದಾಟಿದೆ! ಮೊದ್ಲು ಬಿದ್ದಿದ್ದಕ್ಕೆ ಟೈಮ್ ಹೋಯ್ತು, ಲಾಸ್ಟಲ್ಲಿ ತಗೊಂಡ್ರು. ಲಾಸ್ಟೇ, ಆದ್ರೆ ತಗೊಂಡ್ರು!"

ನಾನು ಕಿರುಚಿದ್ದು ರೈಲ್ವೆ ಸ್ಟೇಷನ್ನಿನವರೆಗೆ ಕೇಳಿಸಿರಬೇಕು, ಏಕೆಂದರೆ ಒಂದು ಗೂಡ್ಸ್ ರೈಲು ಉತ್ತರ ಕೊಟ್ಟಿತು. ಮುನಿರಾಜಣ್ಣ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಧೂಳು ಜಾಸ್ತಿ ಎಂದರು.

ಅಫ್ಸರ್ ಸಾಬ್ ಎದ್ದು, ಷರ್ಟ್ ಸರಿಮಾಡಿಕೊಂಡು, ವ್ಯಾಪಾರದ ಮುಖ ಹಾಕಿದರು.

"ಮುನಿರಾಜ್ ಭಾಯ್, ಆ ಹಲಗೆ ಏನ್ ರೇಟು?"

"ಅದು ಮಾರಕ್ಕಲ್ಲ ಸಾಬ್ರೇ. ಬಾಡಿಗೇದು. ವಾಪಸ್ ಬಂದ್ರೆ ಇನ್ನೊಬ್ರು ತಗಂಡೋಯ್ತಾರೆ."

"ಏನ್ ಮಾತ್ರೀ ಇದು? ನನ್ ಮಗಳ ಕಾಲಿಗೆ ಅಂತ ಕಟ್ಟಿರೋದನ್ನ ಬಿಚ್ಚಿ ಯಾವನಿಗೋ ಕೊಡ್ತೀರಾ?"

ಮುನಿರಾಜಣ್ಣ ನನ್ನ ಕಡೆ ನೋಡಿದರು. ನಾನು ಛಾವಣಿ ನೋಡಿದೆ. ಅವರು ಒಂದು ಕುರ್ಚಿ ಎಳೆದುಕೊಂಡು ಸಾಬರ ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡರು.

ಕಾಲ್ ಇನ್ನೂ ಕಟ್ ಆಗಿರಲಿಲ್ಲ. ಗುಲ್ಮಾರ್ಗಿನಿಂದ ಶಬಾನಾ ಕೂಗುತ್ತಿದ್ದಳು: "ಅಬ್ಬಾ, ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿ! ಅವ್ರು ಮೊದ್ಲು ಜಾಸ್ತಿನೇ ಹೇಳ್ತಾರೆ!"